ಹಳದಿ ನುಂಗುವ ಗೋಡೆ

ಗದಗಿನ ಬೀಗರು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೋ ಇಲ್ಲವೋ, ಪಡಸಾಲೆಯ ಗೋಡೆಗಳು ತಾವಾಗಿಯೇ ಬೆಳಗಿದವು. ಬಲ್ಬಾಗಲಿ ಟ್ಯೂಬಾಗಲಿ ಎಲ್ಲಿಯೂ ಕಾಣಲಿಲ್ಲ. ಚಾವಣಿಯ ಕೆಳಗೆ ಗೋಡೆಗುಂಟ ಓಡಿದ ಸಣ್ಣ ಅಂಚಿನ ಹಿಂದೆಲ್ಲೋ ಅಡಗಿದ್ದ ಬೆಳಕು ಗೋಡೆಗೆ ಬಡಿದು, ಗೋಡೆಯಿಂದ ಮನುಷ್ಯರ ಮೇಲೆ ಇಳಿಯುತ್ತಿತ್ತು. ಮೇ ತಿಂಗಳ ಬಿಸಿಲಲ್ಲಿ ಬೆಂದು, ಕಣ್ಣ ಕೆಳಗೆ ಕಪ್ಪು ಹೊತ್ತು ಬಂದವರು ನೋಡನೋಡುತ್ತಿದ್ದಂತೆ ಮದುವೆಗೆ ಸಿಂಗರಿಸಿಕೊಂಡು ಬಂದವರಂತಾದರು. ಮುಖದ ಮೇಲೆ ಗೆರೆಯಿಲ್ಲ, ನೆಲದ ಮೇಲೆ ನೆರಳಿಲ್ಲ. ಬೀಗತಿ ರೇವತಿ ಬಾಣಂತಿಗೆಂದು ತಂದಿದ್ದ ಅಂಟಿನುಂಡಿಯ ಡಬ್ಬಿ ಕೆಳಗಿಡುವ ಮೊದಲೇ ಎದುರಿನ ಕನ್ನಡಿಯತ್ತ ಒಂದು ಕಳ್ಳನೋಟ ಬೀರಿದಳು. ಈ ಮನೆಗೆ ಬಂದವರೆಲ್ಲ ಬೀರುತ್ತಾರೆ. ಮನೆಯೊಡತಿ ನೀಲಗಂಗಾ ಕಂಡೂ ಕಾಣದಂತೆ ನಕ್ಕು, ಬೀಗರಿಗೆ ನೀರು ಕೊಟ್ಟಳು.

ಇದು ಎರಡು ಸಾವಿರದ ಅರವತ್ತರ ಸುಮಾರಿನ ಮಾತು. ಆ ಹೊತ್ತಿಗೆ ಮನೆಯೊಳಗೆ ನೇತಾಡುವ ದೀಪ ಇಟ್ಟುಕೊಂಡವರನ್ನು ಜನ ಹಳೆಯ ಕಾಲದವರೆಂದು ಕರುಣೆಯಿಂದ ನೋಡುತ್ತಿದ್ದರು. ಎಲ್ಲೆಲ್ಲೂ ಮರೆಬೆಳಕು. ಅದರ ಗುಟ್ಟು ಇದ್ದದ್ದು ದೀಪದಲ್ಲಲ್ಲ, ಗೋಡೆಗೆ ಬಳಿದ ಸುಣ್ಣದಲ್ಲಿ. ಬೆಳಕು ಒಂದೇ ಕಡೆಯಿಂದ ನೇರವಾಗಿ ಬಿದ್ದರೆ ನೆರಳು ಹುಟ್ಟುತ್ತದೆ. ಗೋಡೆಗೆ ಬಡಿದು ಚದುರಿ ಎಲ್ಲ ದಿಕ್ಕಿನಿಂದಲೂ ಬಂದರೆ ನೆರಳಿಗೆ ನಿಲ್ಲಲು ತಾವೇ ಸಿಗುವುದಿಲ್ಲ. ಇಷ್ಟು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ನೀಲಗಂಗಾ ಮಾಡಿದ್ದು ಇದರ ಮುಂದಿನದು. ಸುಣ್ಣದಲ್ಲಿ ಅವಳು ಬೆರೆಸಿದ ಹಿಟ್ಟಿನಷ್ಟು ನುಣುಪಾದ ಹರಳು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬೇಕಾದ ಬಣ್ಣವನ್ನು ಹಿಂದಕ್ಕೆ ಕಳಿಸಿ, ಬೇಡವಾದದ್ದನ್ನು ನುಂಗಿಬಿಡುತ್ತಿತ್ತು.

ಮೊದಲಿಗೆ ಅವಳ ಉದ್ದೇಶ ಒಳ್ಳೆಯದೇ ಇತ್ತು. ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ, ಕಣ್ಣು ಮಂಜಾಗಿದ್ದ ಅವಳ ಅತ್ತೆ ಮೆಟ್ಟಿಲ ಮೇಲೆ ಬಿದ್ದ ತನ್ನದೇ ನೆರಳನ್ನು ಇನ್ನೊಂದು ಮೆಟ್ಟಿಲೆಂದು ತಿಳಿದು ಉರುಳಿ ಸೊಂಟ ಮುರಿದುಕೊಂಡಿದ್ದಳು. ವಯಸ್ಸಾದವರಿಗೆ ಕಣ್ಣು ಕುಕ್ಕದ, ನೆರಳು ಬೀಳದ ಮನೆ ಮಾಡಿಕೊಡಬೇಕೆಂಬ ಹಟಕ್ಕೆ ನೀಲಗಂಗಾ ಬಿದ್ದದ್ದು ಆಗ. ಮಾಡಿಯೂ ಮಾಡಿದಳು. ಕೊಳ್ಳುವವರು ಮಾತ್ರ ಬರಲಿಲ್ಲ. ಬಂದವನು ಹುಬ್ಬಳ್ಳಿಯ ಪ್ರಮೋದ ಮೂಲಿಮನಿ, ಒಳಾಂಗಣ ಸಿಂಗರಿಸುವ ಕಂಪನಿಯವನು. ಪಡಸಾಲೆಯಲ್ಲಿ ಕೂತು, ತನ್ನ ಅಂಗೈ ತಿರುವಿ ತಿರುವಿ ನೋಡಿಕೊಂಡು ಅಂದ:

"ಬಾಯಾರ, ಮುದುಕರು ಬೀಳಬಾರದಂತ ಯಾರೂ ಗೋಡೆಗೆ ಸುಣ್ಣ ಹಚ್ಚಂಗಿಲ್ರೀ. ತಾವು ಚಂದ ಕಾಣ್ಬೇಕಂತ ಹಚ್ತಾರ. ಈ ಹರಳಿಗೆ ಹಳದಿ ನುಂಗಾಕ ಕಲಿಸ್ರಿ. ಮಾರಿ ಕೆಂಪಗ ಕಂಡ್ರ ಮಂದಿ ಸಾಲಗಟ್ಟಿ ನಿಂತು ಒಯ್ತಾರ."

ಅವಳು ಕಲಿಸಿದಳು. ಕಷ್ಟದ ಕೆಲಸವೇನಾಗಿರಲಿಲ್ಲ. ನಮ್ಮ ಮೈಬಣ್ಣದಲ್ಲಿರುವ ಹಳದಿಯ ಛಾಯೆಯನ್ನು ತೋರಿಸುವ ಬೆಳಕನ್ನು ಹರಳು ಹೀರಿ, ಆ ಜಾಗದಲ್ಲಿ ನಸುಗೆಂಪನ್ನು ಕೊಡುವಂತೆ ಮಾಡಿದಳು. ಆ ಕಡೆಯವರ ಬಾಯಲ್ಲಿ ಕೆಂಪಗಿರುವುದೆಂದರೆ ಬೆಳ್ಳಗಿರುವುದು, ಬೆಳ್ಳಗಿರುವುದೆಂದರೆ ಪುಣ್ಯ ಮಾಡಿರುವುದು. ಮರುವರ್ಷ ಮರೆಬೆಳಕಿಲ್ಲದ ಮನೆಗೆ ಕನ್ಯೆ ನೋಡಲು ಹೋದವರೇ ಇಲ್ಲ.

ಕನ್ಯೆ ನೋಡುವವರೇನು ಕಡಿಮೆಯವರೇ? ಅವರೂ ಪಾಠ ಕಲಿತರು. ಉಪ್ಪಿಟ್ಟು, ಚಹಾ ಮುಗಿಸಿ ಬಾಯಿ ಒರೆಸಿಕೊಂಡು, "ಹುಡುಗಿನ್ನ ಒಂದೀಟು ಬಿಸಿಲಿಗೆ ಕರೀರಿ" ಎನ್ನತೊಡಗಿದರು. ಅಂಗಳಕ್ಕೆ ಕರೆಸಿ, ನೆತ್ತಿಯ ಸೂರ್ಯನ ಕೆಳಗೆ ನಿಲ್ಲಿಸಿ, ಅಂಗಡಿಯಲ್ಲಿ ಸೀರೆಯ ಸೆರಗನ್ನು ಬಾಗಿಲಿಗೆ ತಂದು ನೋಡುವಂತೆ ನೋಡುವುದು. ಹೆಣ್ಣು ಹೆತ್ತವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿರಲಿಲ್ಲ. ನೀಲಗಂಗಾಳ ಮಗಳು ತನ್ಮಯಿಯನ್ನು ನೋಡಲು ಬಂದಾಗ ಇದೇ ರೇವತಿ ಅಂಗಳಕ್ಕೆ ಕರೆದಿದ್ದಳು. ಮರೆಬೆಳಕು ಕಂಡುಹಿಡಿದವಳ ಮಗಳನ್ನೇ! ನೀಲಗಂಗಾ ಅಂದು ತುಟಿ ಕಚ್ಚಿಕೊಂಡು ನಿಂತಿದ್ದಳು. ಹುಡುಗ ಒಳ್ಳೆಯವನು, ಮಗಳು ಮನಸ್ಸು ಮಾಡಿದ್ದಳು, ಮದುವೆಯಾಯಿತು.

ಈಗ ತನ್ಮಯಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನೀಲಗಂಗಾಳ ಗಂಡ ತೀರಿಹೋದ ಮೇಲೆ ಬಿಕೋ ಎನ್ನುತ್ತಿದ್ದ ಮನೆಗೆ ಹೆಣ್ಣುಕೂಸು ಬಂದು ಜೀವ ಬಂದಂತಾಗಿತ್ತು. ಬಾಣಂತಿಗೆ ಗಾಳಿ ತಾಗಬಾರದೆಂದು ಖೋಲಿಯ ಕಿಟಕಿಗಳನ್ನು ಮುಚ್ಚಿದ್ದರು. ಹಿಂದಿನವರಾಗಿದ್ದರೆ ಆ ಖೋಲಿ ಕತ್ತಲಾಗಿರುತ್ತಿತ್ತು. ಇಲ್ಲಿ ಮಾತ್ರ ನಾಲ್ಕೂ ಗೋಡೆಗಳಿಂದ ಬೆಳಕು ಹಾಲಿನಂತೆ ಇಳಿಯುತ್ತಿತ್ತು.

ಆಸ್ಪತ್ರೆಯಿಂದ ಕಳಿಸುವಾಗ ಮಕ್ಕಳ ಡಾಕ್ಟರು ನಾಝಿಯಾ ಒಂದು ಮಾತು ಬಿಡಿಸಿ ಹೇಳಿದ್ದಳು. ಹೊಸದಾಗಿ ಹುಟ್ಟಿದ ಕೂಸುಗಳ ರಕ್ತದಲ್ಲಿ ಹಳದಿಯ ಅಂಶವೊಂದು ಸೇರಿಕೊಳ್ಳುತ್ತದೆ, ಬಹಳ ಕೂಸುಗಳಿಗೆ ತಾನಾಗಿಯೇ ಇಳಿಯುತ್ತದೆ. ಇಳಿಯದೆ ಏರಿದರೆ ಅದು ಕಾಮಣಿ. ತೀರಾ ಏರಿದರೆ ಮಿದುಳಿಗೆ ಹತ್ತುತ್ತದೆ, ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

"ದಿನಾ ಮೂಗಿನ ತುದಿ ಮೆಲ್ಲಕ ಒತ್ತಿ ಬಿಟ್ಟು ನೋಡ್ರಿ. ಹಳದಿ ಕಂಡ್ರ ತಡಾ ಮಾಡಬ್ಯಾಡ್ರಿ, ಹಂಗ ಎತಗೊಂಡು ಬಂದುಬಿಡ್ರಿ."

ಅಂದಿನಿಂದ ಅವ್ವ ಮಗಳಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದರು. ಬೆಳಿಗ್ಗೆ ಎದ್ದ ಕೂಡಲೇ ನೀಲಗಂಗಾ ಕೂಸಿನ ಮೂಗು ಒತ್ತುತ್ತಿದ್ದಳು, ಅಂಗಾಲು ಒತ್ತುತ್ತಿದ್ದಳು. ಒತ್ತಿ ಬಿಟ್ಟ ಜಾಗ ಗುಲಾಬಿ ಎಸಳಿನಂತೆ ಕಾಣುತ್ತಿತ್ತು. ಆಸ್ಪತ್ರೆಯ ನರ್ಸು ಫೋನಿನ ಪರದೆಯಲ್ಲಿ ನೋಡಿ, "ಕೂಸು ಕೆಂಪಗ ದಾಳಿಂಬ್ರಿ ಕಾಳಿನಂಗ ಐತ್ರೀ" ಎಂದಿದ್ದಳು. ಕೂಸು ಅಳುವುದೂ ಕಡಿಮೆ, ಮೊಲೆಗೆ ಹಚ್ಚಿದರೆ ನಾಲ್ಕು ಗುಟುಕು ಕುಡಿದು ಮತ್ತೆ ನಿದ್ದೆ. ಎಂಥ ಸಮಾಧಾನದ ಕೂಸೆಂದು ಮನೆಗೆ ಬಂದವರೆಲ್ಲ ಹೊಗಳಿದರು.

ಕೂಸಿಗೆ ಕುಂಚಿಗೆ, ಬಾಣಂತಿಗೆ ಸೀರೆ ತಂದಿದ್ದ ರೇವತಿ ಅಂದು ಪಡಸಾಲೆಯಲ್ಲಿ ನೀರು ಕುಡಿದು ಖೋಲಿಯೊಳಗೆ ಹೋಗಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು.

"ಭಾಳ ಚಂದ ಅದಾಳ್ರೀ ಅಕ್ಕಾರ. ಖರೇ ಹೇಳ್ಬೇಕಂದ್ರ ನಮ್ಮ ಮನ್ಯಾಗ ಇಷ್ಟು ಕೆಂಪಗ ಯಾರೂ ಹುಟ್ಟಿಲ್ಲ. ಒಂದೀಟು ಅಂಗಳಕ್ಕ ತರ್ರಿ, ಬಿಸಿಲಾಗ ನೋಡೂಣು."

ನೀಲಗಂಗಾಳಿಗೆ ನಖಶಿಖಾಂತ ಉರಿಯಿತು. ಹಳೆಯ ಗಾಯದ ಮೇಲೆಯೇ ಬರೆ ಎಳೆದಂತಾಗಿತ್ತು.

"ಎಳೆಗೂಸಿನ ಬಣ್ಣಕ್ಕೂ ನಿಮಗ ಪಂಚನಾಮಿ ಬೇಕೇನ್ರೀ?"

"ಹಂಗಲ್ರೀ, ಸುಮ್ಮ ಅಂದೆ."

"ಸುಮ್ಮ ಅಂದಿಲ್ಲ. ನನ್ನ ಮಗಳನ್ನ ನೋಡಾಕ ಬಂದಾಗೂ ಅಂಗಳಕ್ಕ ಕರದ್ರಿ. ಅವತ್ತು ನಾ ಹೆಣ್ಣು ಹೆತ್ತಾಕಿ, ಬಾಯಿ ಮುಚಗೊಂಡು ಕುಂತೆ. ಇವತ್ತು ನನ್ನ ಮನ್ಯಾಗ ಕುಂತು ನನ್ನ ಬೆಳಕಿನ ಮ್ಯಾಲ ಅನುಮಾನ ಪಡಬ್ಯಾಡ್ರಿ."

ಹೊರಸಿನ ಮೇಲಿದ್ದ ತನ್ಮಯಿ ಮೆಲ್ಲಗೆ, "ಅವ್ವ, ಬಾಗಲತನಕ ಒಯ್ದ್ರ ಏನಾಗ್ತೈತಿ?" ಎಂದಳು.

"ಹಸಿ ಬಾಣಂತಿ, ನೀ ಸುಮ್ಮ ಮಲಕೊ. ಈ ಬ್ಯಾಸಗಿ ಬಿಸಿಲಾಗ ಎಳೆಗೂಸನ್ನ ಹೊರಗ ಒಯ್ಯಾಂಗಿಲ್ಲ."

ಮಾತು ಅಲ್ಲಿಗೆ ಮುರಿಯಿತು. ರೇವತಿಗೆ ಬೇಕಾಗಿದ್ದದ್ದು ಮೊಮ್ಮಗಳ ಮೈಬಣ್ಣದ ಸತ್ಯ ಮಾತ್ರ, ಆರೋಗ್ಯದ ಯೋಚನೆ ಅವಳ ತಲೆಯಲ್ಲಿ ಸುಳಿದಿರಲೂ ಇಲ್ಲ. ಆದರೆ ಕೆಟ್ಟ ಬುದ್ಧಿಯಿಂದ ಕೇಳಿದ ಮಾತೂ ಒಮ್ಮೊಮ್ಮೆ ಜೀವ ಉಳಿಸುವಂಥದ್ದಾಗಿರುತ್ತದೆ. ಅಂಗಳ ಹತ್ತು ಹೆಜ್ಜೆಯ ಆಚೆ ಇತ್ತು. ಬೀಗರು ಉಂಡು, ಮುಖ ಗಂಟು ಹಾಕಿಕೊಂಡೇ ಗದಗಿಗೆ ಹೋದರು. ಆ ಗಂಟು ಕೂಡ ಮರೆಬೆಳಕಿನಲ್ಲಿ ಸರಿಯಾಗಿ ಕಾಣಲಿಲ್ಲ ಅನ್ನಿ.

ಅದಾದ ಒಂದೆರಡು ದಿನಕ್ಕೆ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಯಾರೋ ಚೂರಿಯಿಂದ ಗಾಜು ಕೆರೆದ ಹಾಗೆ ಚೀರಿತು. ಅಂಥ ಅಳು ನೀಲಗಂಗಾ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು, ಹಿಂದೆ ತನ್ಮಯಿ ಬರಿಗಾಲಲ್ಲಿ ಓಡಿ ಬರುತ್ತಿದ್ದಂತೆ ಬಾಗಿಲು ದಾಟಿ ಅಂಗಳಕ್ಕಿಳಿದಳು. ಬೆಳಗಿನ ಬಿಸಿಲು ಕೂಸಿನ ಮುಖದ ಮೇಲೆ ಬಿತ್ತು.

ಕೂಸು ಹಳದಿಯಾಗಿತ್ತು. ಅರಿಷಿಣದಲ್ಲಿ ಅದ್ದಿ ತೆಗೆದಂತೆ ಹಣೆ, ಎದೆ, ಹೊಟ್ಟೆ, ಅಂಗಾಲು, ಕಣ್ಣಿನ ಬಿಳಿ ಕೂಡ. ತನ್ಮಯಿ ಅದನ್ನು ನೋಡಿದಳು, ಆಮೇಲೆ ಅವ್ವನ ಮುಖ ನೋಡಿದಳು. ಕೌದಿ ಸಮೇತ ಕೂಸನ್ನು ತನ್ನ ಕೈಗೆ ತೆಗೆದುಕೊಂಡಳು. ಒಂದು ಮಾತು ಬೈದಿದ್ದರೆ ಒಳ್ಳೆಯದಿತ್ತೆಂದು ನೀಲಗಂಗಾಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

ಆಸ್ಪತ್ರೆಯಲ್ಲಿ ಕೂಸಿನ ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪಗಳ ಕೆಳಗೆ ಮಲಗಿಸಿದರು. ಆ ನೀಲಿ ಬೆಳಕು ಚರ್ಮದೊಳಗಿಳಿದು ಹಳದಿಯ ಅಂಶವನ್ನು ಒಡೆದು ಮೈಯಿಂದ ಹೊರಗೆ ಹೋಗುವಂತೆ ಮಾಡುತ್ತದೆ. ಗೋಡೆಗೆ ಬಡಿಸಿ, ಚದುರಿಸಿ, ಹದ ಮಾಡಿ ಕೊಟ್ಟರೆ ಅದರಿಂದ ಪ್ರಯೋಜನವಿಲ್ಲ. ನೇರವಾಗಿ, ನಿರ್ದಾಕ್ಷಿಣ್ಯವಾಗಿ ಮೈಮೇಲೆಯೇ ಬೀಳಬೇಕು. ಕೂಸಿನ ರಕ್ತವನ್ನೆಲ್ಲ ತೆಗೆದು ಬೇರೆ ರಕ್ತ ಹಾಕಿದರು. ಎಲ್ಲ ಮುಗಿದ ಮೇಲೆ ನಾಝಿಯಾ ಹೊರಗೆ ಬಂದು ಬೆಂಚಿನ ಮೇಲೆ ನೀಲಗಂಗಾಳ ಪಕ್ಕ ಕೂತಳು.

"ದಿನಾ ನೋಡ್ರಿ ಅಂತ ಹೇಳಿದ್ದೆ. ನೋಡಲಿಲ್ಲೇನ್ರೀ?"

"ನೋಡೀನ್ರೀ. ಒಂದು ದಿನಾನೂ ಬಿಟ್ಟಿಲ್ಲ."

"ಎಲ್ಲಿ ನೋಡಿದ್ರಿ?"

ಹರಳಿಗೆ ಹಳದಿ ನುಂಗಲು ಕಲಿಸಿದವಳು ನೀಲಗಂಗಾಳೇ. ಎಷ್ಟು ನುಂಗುತ್ತದೆಂದು ಅಳೆದು ಜಗತ್ತಿಗೆ ಹೇಳಿದವಳೂ ಅವಳೇ. ಆದರೆ ಮನುಷ್ಯನ ಕಣ್ಣು ಬಹಳ ಹೊಂದಿಕೊಳ್ಳುವ ಅಂಗ. ಯಾವ ಬೆಳಕಿನಲ್ಲಿ ಇರಿಸಿದರೂ ಸ್ವಲ್ಪ ಹೊತ್ತಿಗೆಲ್ಲ ಅದನ್ನೇ ಬೆಳ್ಳಗಿನ ಬೆಳಕೆಂದು ಒಪ್ಪಿಕೊಂಡುಬಿಡುತ್ತದೆ. ಅವಳು ಆ ಬೆಳಕಿನಲ್ಲಿ ವರ್ಷಗಟ್ಟಲೆ ಇದ್ದಳು. ತಾನು ಕಾಣುತ್ತಿರುವುದೇ ಲೋಕವೆಂಬ ನಂಬಿಕೆ ಅವಳಿಗೂ ಬಂದುಬಿಟ್ಟಿತ್ತು. ಮೇಲಾಗಿ, ಅಂಗಳಕ್ಕೆ ಹೋಗುವುದೆಂದರೆ ರೇವತಿಗೆ ಸೋತಂತೆ. ಆ ಯೋಚನೆಯೊಂದು ಕಣ್ಣಿಗಿಂತ ಮುಂದೆ ನಿಂತಿತ್ತು.

ಕೂಸು ಬದುಕಿತು. ಆದರೆ ಕಾಮಣಿ ಮಿದುಳಿಗೆ ಹತ್ತಿ ಇಳಿದಿತ್ತು. ಕೂಸಿಗೆ ಕಿವಿ ಕೇಳುವುದಿಲ್ಲವೆಂದೂ, ಕುತ್ತಿಗೆ ನಿಲ್ಲುವುದು ಕಷ್ಟವೆಂದೂ, ಕೈಕಾಲು ಅದರ ಮಾತು ಕೇಳುವುದು ಅನುಮಾನವೆಂದೂ ನಾಝಿಯಾ ಹೇಳಿದಳು. ಗದಗಿನಲ್ಲಿ ರೇವತಿ ಮನೆಮನೆಗೂ ಹೋಗಿ, "ನಾ ಅವತ್ತ ಬಿಸಿಲಿಗೆ ತರ್ರಿ ಅಂದಿದ್ದೆ" ಎಂದು ಹೇಳಿಕೊಂಡು ಬಂದಳು. ಸುಳ್ಳಂತೂ ಅಲ್ಲ.

ನೀಲಗಂಗಾ ಹುಬ್ಬಳ್ಳಿಗೆ ಹೋಗಿ ಪ್ರಮೋದನ ಎದುರು ಕೂತಳು. ಹರಳಿನಿಂದ ಹಳದಿ ನುಂಗುವ ಗುಣ ತೆಗೆಯಬೇಕು, ಈಗಾಗಲೇ ಬಳಿದ ಮನೆಗಳ ಗೋಡೆ ಕೆರೆಸಬೇಕು, ಇದು ಅವಳ ಬೇಡಿಕೆ. ಪ್ರಮೋದ ಕೆಟ್ಟ ಮನುಷ್ಯನೇನಲ್ಲ, ಅವನ ಕಣ್ಣಲ್ಲಿ ನೀರು ಬಂದಿರಬಹುದು. ಆದರೆ ಅವನ ಆಫೀಸಿನ ಗೋಡೆಗಳಿಗೂ ಅದೇ ಸುಣ್ಣ, ಬಂದದ್ದು ಗೊತ್ತಾಗುವಂತಿರಲಿಲ್ಲ.

"ಬಾಯಾರ, ನಿಮ್ಮ ಸಂಕಟ ನನಗ ತಿಳಿತೈತಿ. ಆದ್ರ ನಿಮಗ ಒಂದು ಮಾತು ಹೇಳ್ಲ್ಯಾ? ನಿಮ್ಮ ಕೂಸೇ ಮೊದಲನೇದಲ್ಲ."

"ಅಂದ್ರ?"

"ಮೈಯಾಗ ರಕ್ತ ಇಲ್ಲದ ಹುಡಿಗ್ಯಾರು, ಲಿವರ್ ಕೆಟ್ಟ ಗಂಡಸರು, ಹಿಂಗ ಮೂರ್ನಾಕು ಕಡೆಯಿಂದ ಬಂದಿತ್ತು. ಬಿಳಚಿದ್ದು ಕಾಣಲಿಲ್ಲ, ಹಳದಿ ಕಾಣಲಿಲ್ಲ, ತಡಾ ಆತು ಅಂತ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಕೆರಸ್ರಿ ಅಂತಿದ್ರಿ. ಕೆರಸಿದ್ರ ಮಂದಿ ನನ್ನ ಕೊಲ್ತಾರ. ಅವ್ರಿಗೆ ಬೇಕಾಗೈತ್ರೀ ಇದು. ಬೇಕಾದ್ರ ಬಾಣಂತಿ ಖೋಲಿಗೆ ಅಂತ ಒಂದು ಬ್ಯಾರೆ ಬಟನ್ ಕೊಡೂಣು. ಅದನ್ನ ಒತ್ತಿದ್ರ ಗೋಡೆಗೆ ತಾಗದ ಸಾದಾ ಬೆಳಕು."

ಅವಳು ಅದಕ್ಕೆ ಒಪ್ಪಲಿಲ್ಲ. ಪತ್ರಿಕೆಯವರನ್ನು ಕರೆದು, ತನ್ನ ಮೊಮ್ಮಗಳ ಸುದ್ದಿಯನ್ನು ಏನೂ ಮುಚ್ಚದೆ ಹೇಳಿದಳು. ತನ್ನ ಹೆಸರು ಕೆಡುತ್ತದೆಂದು ಗೊತ್ತಿದ್ದೂ ಹೇಳಿದಳು. ನಾಡಿನ ಜನ ಅಯ್ಯೋ ಪಾಪ ಎಂದರು. ಮರುಗಿದರು. ಕೆಲವರು ಮನೆಯ ಮರೆಬೆಳಕು ಆರಿಸಿ, ಅಟ್ಟದ ಮೇಲಿನ ಹಳೆಯ ಬಲ್ಬು ಹುಡುಕಿ ಹಾಕಿದರು. ಬಲ್ಬಿನ ಕೆಳಗೆ ಗಂಡ ಹೆಂಡತಿಯನ್ನು ನೋಡಿದ, ಹೆಂಡತಿ ಗಂಡನನ್ನು ನೋಡಿದಳು, ಇಬ್ಬರೂ ಕನ್ನಡಿ ನೋಡಿಕೊಂಡರು. ವಾರ ತುಂಬುವುದರೊಳಗೆ ಮತ್ತೆ ಗೋಡೆಗಳು ಬೆಳಗಿದವು. ಪ್ರಮೋದನ ಬಟನ್ನು ಚೆನ್ನಾಗಿ ಮಾರಾಟವಾಯಿತು. ಒತ್ತಿದವರು ಎಷ್ಟು ಮಂದಿಯೋ, ಅದು ಯಾರಿಗೂ ತಿಳಿಯಲಿಲ್ಲ.

ಊರಿನ ಗೋಡೆ ಕೆರೆಯಲಾಗದಿದ್ದರೆ ಹೋಗಲಿ, ತನ್ನ ಮನೆಯದನ್ನಾದರೂ ಕೆರೆಯುತ್ತೇನೆಂದು ನೀಲಗಂಗಾ ಒಂದು ಮಧ್ಯಾಹ್ನ ಕರಣೆ ಹಿಡಿದು ಬಾಣಂತಿ ಖೋಲಿಗೆ ಹೋದಳು. ತನ್ಮಯಿ ಇನ್ನೂ ಗದಗಿಗೆ ಹೋಗಿರಲಿಲ್ಲ. ಗಂಡ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಹೊರಸಿನ ಮೇಲೆ ಕೂತು, ಕೂಸಿನ ಕುತ್ತಿಗೆಗೆ ಕೈ ಆಸರೆ ಕೊಟ್ಟು ಹಾಲು ಕುಡಿಸುತ್ತಿದ್ದಳು. ಗುಟುಕು ಇಳಿಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಕರಣೆ ಗೋಡೆಗೆ ತಾಗಿ ಒಂದು ಹಿಡಿ ಸುಣ್ಣ ಉದುರಿತು.

"ಕೆರೀಬ್ಯಾಡ, ಅವ್ವ."

"ಯಾಕ? ಇದರ ಮಾರಿ ನೋಡಾಕೂ ಮನಸಿಲ್ಲ ನನಗ."

"ನನಗ ಬೇಕು. ಹೊರಗ ಹೋದ್ರ ಮಂದಿ ನನ್ನ ಕಣ್ಣು ನೋಡಿ ಅತ್ತೀಯೇನ, ಅಳಬ್ಯಾಡ ಅಂತಾರ. ಈ ಖೋಲಿಯೊಳಗ ಯಾರೂ ಅನ್ನಂಗಿಲ್ಲ. ಅತ್ತದ್ದು ಕಾಣಂಗಿಲ್ಲಲ್ಲ."

ನೀಲಗಂಗಾ ತಿರುಗಿ ಮಗಳ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪಿಲ್ಲ, ಕೆಂಪಿಲ್ಲ, ಬಾವಿಲ್ಲ. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಗಳಂತೆ ಕಳೆಕಳೆಯಾಗಿ ಕೂತಿದ್ದಳು. ಇಷ್ಟು ದಿನ ಅವಳು ಗಟ್ಟಿಯಾಗಿದ್ದಾಳೆ, ತಡೆದುಕೊಂಡಿದ್ದಾಳೆಂದು ಅವ್ವ ನಂಬಿಕೊಂಡಿದ್ದಳು. ಅದರಿಂದಲೇ ತಾನೂ ಉಂಡಿದ್ದಳು, ಮಲಗಿದ್ದಳು.

"ನನಗೂ ಕಾಣಲಿಲ್ಲಲ್ಲ ಯವ್ವಾ," ಎಂದಳು. "ನೀ ಅಳಾಕತ್ತಿದ್ದು ನನಗ ಗೊತ್ತ ಆಗಲಿಲ್ಲ."

"ಗೊತ್ತಾಗಬಾರದಂತನ ಇಲ್ಲೇ ಕುಂತೀನಿ. ಗೊತ್ತಾದ್ರ ನೀ ಹೆಂಗ ಬದುಕ್ತಿ?"

ನೀಲಗಂಗಾ ಕರಣೆಯನ್ನು ನೆಲದ ಮೇಲಿಟ್ಟು, ಉದುರಿದ ಸುಣ್ಣದ ಪಕ್ಕದಲ್ಲಿಯೇ ಕೂತಳು. ಮಗಳು ಕೂಸಿನ ಬಾಯಿ ಒರೆಸಿ ಮತ್ತೊಂದು ಗುಟುಕಿಗೆ ಕಾಯುತ್ತಿದ್ದಳು. ಈ ಬೆಳಕನ್ನು ಪ್ರಮೋದ ಮಾಡಿಸಿದನೆಂದು ಬೈಯಬಹುದಿತ್ತು, ತಾನು ಮಾಡಿದೆನೆಂದು ಎದೆ ಬಡಿದುಕೊಳ್ಳಬಹುದಿತ್ತು. ಎರಡೂ ಪೂರ್ತಿ ನಿಜವಾಗಿರಲಿಲ್ಲ. ಹರಳು ಹುಟ್ಟುವುದಕ್ಕೆ ಬಹಳ ಮೊದಲೇ, ಅವಳು ಇಪ್ಪತ್ತರ ಹುಡುಗಿಯಾಗಿ ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ, ಇದು ಎಲ್ಲರ ಅಂಗೈಯಲ್ಲಿತ್ತು. ಆ ಕಾಲದ ಫೋನುಗಳಲ್ಲಿ ಮುಖವನ್ನು ನುಣುಪಾಗಿ, ಬೆಳ್ಳಗೆ ತೋರಿಸುವ ಒಂದು ಸೌಲಭ್ಯವಿತ್ತು. ಒಂದು ವರ್ಷ ಅವಳಿಗೆ ಜ್ವರ ಬಿಡದೆ ಹಿಡಿದು, ಅನ್ನ ಸೇರದೆ, ಓದು ಹತ್ತದೆ, ಬದುಕೇ ಬೇಡವೆನ್ನಿಸಿ ದಿನಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದಳು. ಊರಿನಿಂದ ಅವಳ ಅವ್ವ ವಿಡಿಯೊ ಕರೆ ಮಾಡಿದಾಗಲೆಲ್ಲ ಎದ್ದು ಕೂತು, ತಲೆ ಬಾಚಿ, ಆ ಸೌಲಭ್ಯವನ್ನು ಒತ್ತಿಯೇ ಫೋನು ಎತ್ತುತ್ತಿದ್ದಳು. ಅವ್ವ ಕೊರಗಬಾರದೆಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದಳು. ಅವ್ವ ಪರದೆಯ ಹತ್ತಿರ ಕಣ್ಣು ತಂದು, ಮಗಳ ಮುಖವನ್ನು ಅತ್ತ ಇತ್ತ ನೋಡಿ, "ಚಲೋ ಅದಿ ಬಿಡವಾ, ಮೈ ಕೈ ತುಂಬಿಕೊಂಡಿ" ಎಂದು ಹೇಳಿ, ನಿಶ್ಚಿಂತೆಯಿಂದ ಫೋನು ಕೆಳಗಿಟ್ಟು ಅಡಿಗೆಗೆ ಹೋಗುತ್ತಿದ್ದಳು.